ಗುಜರಿ ಅಂಗಳದ ಎರಡು ಬೆಕ್ಕುಗಳು

ಸ್ವಾಟ್ ಕ್ಯಾಟ್ಸ್ ಎಂಬ ಕಾರ್ಟೂನ್ ನೋಡಿದವರಿಗೆ ಹೆಸರು ಹೇಳಿದರೆ ಸಾಕು, ಶುರುವಿನ ಗಿಟಾರ್ ಕಿವಿಯಲ್ಲಿ ಕೇಳಿಸುತ್ತದೆ. ನೋಡದವರಿಗಾಗಿ ಕತೆ ಹೇಳಿಬಿಡ್ತೇನೆ. ಮೆಗಾಕ್ಯಾಟ್ ಸಿಟಿ ಅಂತ ಒಂದು ಊರು, ಅಲ್ಲಿರುವವರೆಲ್ಲ ಬೆಕ್ಕುಗಳೇ. ಚಾನ್ಸ್ ಮತ್ತು ಜೇಕ್ ಅಲ್ಲಿನ ಎನ್‌ಫೋರ್ಸರ್ಸ್ ಪಡೆಯ ಪೈಲಟ್‌ಗಳು. ಡಾರ್ಕ್ ಕ್ಯಾಟ್ ಎಂಬ ಖಳನನ್ನು ಇವರು ಅಟ್ಟಿಸಿಕೊಂಡು ಹೋಗುತ್ತಿರುವಾಗ ಕಮಾಂಡರ್ ಫೆರಲ್ ನಡುವೆ ನುಗ್ಗುತ್ತಾನೆ. ಇವರ ವಿಮಾನ ದಾರಿ ತಪ್ಪಿ ಪಡೆಯ ಮುಖ್ಯ ಕಚೇರಿಗೇ ಬಡಿಯುತ್ತದೆ. ತಪ್ಪು ಫೆರಲ್‌ನದು, ಬಿಲ್ ಬಂದದ್ದು ಇವರ ತಲೆಗೆ. ನಷ್ಟ ತುಂಬಿಕೊಡುವ ತನಕ ಪಡೆಯ ಗುಜರಿ ಅಂಗಳದಲ್ಲಿ ದುಡಿಯಬೇಕು. ಅಲ್ಲಿ ಬಿದ್ದ ಹಳೇ ಸಾಮಾನಿನಿಂದಲೇ ಅವರು ಟರ್ಬೊಕ್ಯಾಟ್ ಎಂಬ ಜೆಟ್ ಕಟ್ಟುತ್ತಾರೆ. ಮುಖವಾಡ ಹಾಕಿಕೊಂಡು ಟಿ-ಬೋನ್, ರೇಜರ್ ಆಗುತ್ತಾರೆ. ಮುಖವಾಡ ತೆಗೆದರೆ ಮತ್ತೆ ಬರೀ ಮೆಕ್ಯಾನಿಕ್‌ಗಳು.

ನಮ್ಮ ಮನೆ ಶಿರಸಿಯಿಂದ ಒಳಗೆ, ಅಡಿಕೆ ತೋಟದ ನಡುವೆ. ಕೇಬಲ್ ಅಲ್ಲಿಗೆ ಬಂದಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಕಾರ್ಟೂನ್ ನೆಟ್‌ವರ್ಕ್ ನೋಡಬೇಕು ಅಂದರೆ ಬನವಾಸಿ ರಸ್ತೆಯ ಚಿಕ್ಕಪ್ಪನ ಮನೆಗೇ ಹೋಗಬೇಕು. ಸಂಜೆ ಕಳೆದರೆ ಅದೇ ಚಾನೆಲ್‌ನಲ್ಲಿ ಹಳೇ ಇಂಗ್ಲಿಷ್ ಸಿನಿಮಾ ಶುರುವಾಗುತ್ತಿತ್ತು, ಮಕ್ಕಳ ಆಟ ಅಲ್ಲಿಗೆ ಬಂದ್. ಮಾತೆಲ್ಲ ಇಂಗ್ಲಿಷು. ನಾವು ಕನ್ನಡ ಶಾಲೆಯವರು. ಆದರೂ ಫೆರಲ್ ಬಯ್ಯುತ್ತಿದ್ದಾನೆ ಅಂತ ತಿಳಿಯಲು ಇಂಗ್ಲಿಷ್ ಯಾಕೆ ಬೇಕು? ಮೇಯರ್ ಮ್ಯಾಂಕ್ಸ್ ಗಾಲ್ಫ್ ಆಡಿಕೊಂಡಿರುತ್ತಾನೆ, ಊರಿನ ಕೆಲಸವೆಲ್ಲ ಉಪಮೇಯರ್ ಕ್ಯಾಲಿ ಬ್ರಿಗ್ಸ್ ಮಾಡುತ್ತಾಳೆ. ಇದೂ ನಮಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಆ ದಿನ ಪುನರ್ವಸು ಮಳೆ ಜೋರಾಗಿ ಹಿಡಿದು ಶಾಲೆಗೆ ರಜೆ ಕೊಟ್ಟಿದ್ದರು. ಚಿಕ್ಕಪ್ಪನ ಮಗ ಮತ್ತು ನಾನು ಟಿವಿ ಮುಂದೆ ಕೂತಿದ್ದೆವು. ಟರ್ಬೊಕ್ಯಾಟ್ ಇನ್ನೊಂದು ಜಗತ್ತಿಗೆ ನುಗ್ಗಿಬಿಡುವ ಕಂತು ಅದು. ಅಲ್ಲೂ ಒಂದು ಮೆಗಾಕ್ಯಾಟ್ ಸಿಟಿ, ಅಲ್ಲೂ ಟಿ-ಬೋನ್ ಮತ್ತು ರೇಜರ್. ಆದರೆ ಆ ಜೋಡಿ ಡಾರ್ಕ್ ಕ್ಯಾಟ್ ಜೊತೆ ಸೇರಿದ ಕಳ್ಳರು. ಕ್ಯಾಲಿ ಕೂಡ ಅವರ ಕಡೆಯೇ! ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಕರೆಂಟ್ ಹೋಯಿತು.

ಮಳೆಗಾಲದ ಶಿರಸಿಯಲ್ಲಿ ಹೋದ ಕರೆಂಟ್ ಯಾವಾಗ ಬರುತ್ತದೆ ಅಂತ ಕೇಳುವುದೇ ದಂಡ. ಎಲ್ಲೋ ಕಾಡಿನಲ್ಲಿ ಮರ ಬಿದ್ದಿರುತ್ತದೆ. ಆದರೆ ಮನೆಯ ಕೆಳಗಡೆ ಗ್ಯಾರೇಜ್ ಇತ್ತು, ಗ್ಯಾರೇಜಿನಲ್ಲಿ ಮೇಸ್ತ್ರಿ ಇದ್ದರು. ಅವರ ಹತ್ತಿರ ಒಂದು ಸಣ್ಣ ಕಪ್ಪು-ಬಿಳುಪು ಟಿವಿ. ಕರೆಂಟಿಗೂ ಆಗುತ್ತದೆ, 12 ವೋಲ್ಟ್ ಬ್ಯಾಟರಿಗೂ ಆಗುತ್ತದೆ. ಓಡಿ ಹೋಗಿ ಗೋಗರೆದೆವು.

“ಎಂತದಾ, ಅಷ್ಟು ಅರ್ಜೆಂಟು? ಕ್ರಿಕೆಟ್ಟಾ?”

“ಅಲ್ಲ ಮೇಸ್ತ್ರಿ, ಬೆಕ್ಕು. ಗುಜರಿಯಿಂದ ವಿಮಾನ ಮಾಡಿದ ಬೆಕ್ಕು.”

ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಬಹುಶಃ ಆ ಎರಡನೇ ಮಾತಿಗೇ ಇರಬೇಕು. ರಿಪೇರಿಗೆ ಬಂದಿದ್ದ ಜೀಪಿನ ಬ್ಯಾಟರಿ ಬಿಚ್ಚಿ ತಂದರು, ವೈರ್ ಸಿಕ್ಕಿಸಿದರು. ಚಿಕ್ಕಪ್ಪನ ಮಗ ಮೇಲಿನ ಕಿಟಕಿಯಿಂದ ಕೇಬಲ್ ಇಳಿಬಿಟ್ಟ. ಟಿವಿ ಹತ್ತಿತು. ಪರದೆ ತುಂಬಾ ಬಿಳಿ ಚುಕ್ಕಿ, ಬುಸ್ ಅಂತ ಸದ್ದು. ಅಷ್ಟೇ. ಮೇಸ್ತ್ರಿ ಒಂದು ಕ್ಷಣ ಯೋಚಿಸಿ ನಕ್ಕರು. “ಟಿವಿಗೆ ಬ್ಯಾಟರಿ ಕೊಟ್ಟೆವು. ದಾರಿಯಲ್ಲಿ ಕೇಬಲಿನವರ ಆಂಪ್ಲಿಫೈಯರ್ ಇದೆಯಲ್ಲ, ಅದಕ್ಕೆ ಯಾರು ಕೊಡ್ತಾರೆ?” ಸಿಗ್ನಲ್ ಊರು ಸುತ್ತಿ ಬರುವಾಗ ಅಲ್ಲಲ್ಲಿ ಅದಕ್ಕೆ ಬಲ ತುಂಬಬೇಕು, ಆ ಪೆಟ್ಟಿಗೆಗಳಿಗೂ ಕರೆಂಟ್ ಬೇಕು ಅಂತ ನಾನು ಕಲಿತದ್ದು ಅವತ್ತೇ. ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಸರಿ, ಕತೆಯನ್ನಾದರೂ ಹೇಳಿ ಅಂದರು. ಜೀಪಿನ ಅಡಿಗೆ ಮಲಗಿ ಕೆಲಸ ಮಾಡುತ್ತಾ ಕೇಳಿದರು. ಖಳರ ಬಗ್ಗೆ ಅವರಿಗೆ ಆಸಕ್ತಿಯೇ ಇಲ್ಲ. ಡಾಕ್ಟರ್ ವೈಪರ್ ಒಬ್ಬ ದುಷ್ಟನನ್ನು ರಾಕ್ಷಸನಷ್ಟು ದೊಡ್ಡ ಬ್ಯಾಕ್ಟೀರಿಯಾ ಮಾಡಿದ, ಹೊಡೆದಷ್ಟೂ ಅದು ಎರಡಾಗುತ್ತಾ ಹೋಯಿತು ಅಂದರೆ “ಹ್ಞೂಂ” ಅಂದರು, ಅಷ್ಟೇ. ಜೆಟ್ಟಿನಿಂದ ಸಿಮೆಂಟ್ ಹಾರಿಸುವ ಗನ್ ಇದೆ ಅಂದಾಗ ಮಾತ್ರ ತಲೆ ಹೊರಗೆ ಬಂತು. “ಸಿಮೆಂಟ್ ನಳಿಗೆಯಲ್ಲೇ ಗಟ್ಟಿಯಾಗೋದಿಲ್ವಾ?” ನಮ್ಮಲ್ಲಿ ಉತ್ತರ ಇರಲಿಲ್ಲ. ಇನ್ನೊಂದು ಪ್ರಶ್ನೆ: “ಸಾಲ ಎಷ್ಟು ಬಾಕಿ ಇದೆ ಅವರದ್ದು?” ಅದಕ್ಕೂ ಇರಲಿಲ್ಲ.

ಆ ಎರಡನೇ ಪ್ರಶ್ನೆ ನನಗೆ ಈಗಲೂ ಸರಿ ಅನ್ನಿಸುತ್ತದೆ. ಉಳಿದ ಕಾರ್ಟೂನ್ ವೀರರಿಗೆ ಬಿಲ್ ಯಾರು ಕಟ್ಟುತ್ತಾರೆ ಅಂತ ನಾವು ಯಾವತ್ತಾದರೂ ಕೇಳಿದ್ದೇವಾ? ಈ ಇಬ್ಬರಿಗೆ ಅರಮನೆ ಇಲ್ಲ, ದೇವರ ವರ ಇಲ್ಲ. ಬರ್ಕ್ ಮತ್ತು ಮರ್ರೆ ಎಂಬ ಇಬ್ಬರು ಬಂದು ಕಸ ಸುರಿದು, ಮೇಲಿಂದ ಗೇಲಿ ಮಾಡಿ ಹೋಗುತ್ತಾರೆ. ಆ ಕಸದಲ್ಲೇ ರೇಜರ್ ಹೊಸ ಕ್ಷಿಪಣಿ ಹುಡುಕುತ್ತಾನೆ. ಬಾಹುಬಲ ಹಿಂದೆ, ತಲೆ ಮುಂದೆ. ಜಾಣ ಕಾರ್ಟೂನ್ ಅಂತ ನಾನು ಹೇಳುವುದು ಇದಕ್ಕೇ.

ಮಜಾ ಏನೆಂದರೆ, ನಾವು ಹೊಸ ಕಂತಿಗೆ ಕಾಯುತ್ತಿದ್ದ ಹೊತ್ತಿಗೆ ಅದು ನಿಂತೇ ಹೋಗಿತ್ತು. ಕ್ರಿಶ್ಚಿಯನ್ ಮತ್ತು ಇವಾನ್ ಟ್ರೆಂಬ್ಲೆ ಎಂಬ ಸಹೋದರರು ಸೃಷ್ಟಿಸಿ, ಹ್ಯಾನಾ-ಬಾರ್ಬೆರಾ ಸ್ಟುಡಿಯೊ ಮಾಡಿದ ಈ ಸರಣಿ ಅಮೆರಿಕದಲ್ಲಿ 1993ರ ಸೆಪ್ಟೆಂಬರಿನಲ್ಲಿ ಶುರುವಾಗಿ 1995ರ ಆರಂಭದಲ್ಲೇ ಮುಗಿದಿತ್ತು. ಎರಡೇ ಸೀಸನ್. ಮೂರು ಕಂತುಗಳು ಅರ್ಧಕ್ಕೇ ನಿಂತವು. ನೋಡುವವರಿಲ್ಲದೆ ನಿಂತದ್ದಲ್ಲ, ಹೊಡೆದಾಟ ಜಾಸ್ತಿ ಆಯಿತು ಅನ್ನುವ ತಕರಾರಿಗೆ ಬಲಿಯಾಯಿತು ಅಂತ ಅಭಿಮಾನಿಗಳು ಇವತ್ತಿಗೂ ಗೊಣಗುತ್ತಾರೆ. ಶಿರಸಿಯಲ್ಲಿ ಕೂತವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಇವತ್ತು ಹೊಸತು ಬರಬಹುದು ಅಂತ ಹಳೆಯದನ್ನೇ ಬಾಯಿಪಾಠ ಮಾಡಿದೆವು.

ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಆ ಕಂತನ್ನು ಪೂರ್ತಿ ನೋಡಿದ್ದು ಕೆಲಸಕ್ಕೆ ಸೇರಿದ ಮೇಲೆ, ಕಾರವಾರದ ಬಾಡಿಗೆ ರೂಮಿನಲ್ಲಿ, ಲ್ಯಾಪ್‌ಟಾಪಿನಲ್ಲಿ. ನಮ್ಮ ಜೋಡಿ ಕ್ಷೇಮವಾಗಿ ತಮ್ಮ ಜಗತ್ತಿಗೆ ವಾಪಸ್ ಬರುತ್ತದೆ. ಆ ಮಳೆಯ ದಿನ ಚಿಕ್ಕಪ್ಪನ ಮಗ ಬೇರೆಯೇ ಕತೆ ಕಟ್ಟಿದ್ದ. ಅವನ ಪ್ರಕಾರ ಕಳ್ಳ ಜೋಡಿ ಈಚೆ ಬಂದುಬಿಡುತ್ತದೆ, ಗ್ಯಾರೇಜ್ ಕೆಲಸ ಬಾರದೆ ಸಿಕ್ಕಿಬೀಳುತ್ತದೆ. ಮೇಸ್ತ್ರಿ ಜೋರಾಗಿ ನಕ್ಕಿದ್ದು ಇದಕ್ಕೆ. ಮೂಲಕ್ಕಿಂತ ಇದೇ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ.

2015ರಲ್ಲಿ ಟ್ರೆಂಬ್ಲೆ ಸಹೋದರರು ಹೊಸ ಸರಣಿಗಾಗಿ ಅಭಿಮಾನಿಗಳಿಂದಲೇ ದುಡ್ಡು ಕೂಡಿಸಿದರು. 2022ರಲ್ಲಿ ತಿರುವನಂತಪುರದ ಟೂನ್ಜ್ ಕಂಪನಿ ಜೊತೆ ಸೇರಿ ಮಾಡುತ್ತೇವೆ ಅಂತ ಘೋಷಿಸಿದರು. ಸುದ್ದಿ ಓದಿದ ತಕ್ಷಣ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. “ಹೊಸದರಲ್ಲಿ ಸಾಲ ತೀರಿರುತ್ತದಾ?” ಅಂತ ಕೇಳಿದ. ತೀರಬಾರದು ಮಾರಾಯ, ತೀರಿದರೆ ಅವರು ಗುಜರಿ ಬಿಟ್ಟು ಹೋಗ್ತಾರಲ್ಲ, ಅಂದೆ. ಅವನು ಒಪ್ಪಲಿಲ್ಲ. ಅಷ್ಟು ವರ್ಷ ದುಡಿದಿದ್ದಾರೆ, ಒಂದು ಸ್ವಂತ ಗ್ಯಾರೇಜಾದರೂ ಬೇಡವಾ ಅಂತ ಅವನ ವಾದ.