ಯುಸೆಬೆಯ ಪದಸೂಚಿ: 15 ಬರಬೇಕಾದಲ್ಲಿ 9 ಯಾಕೆ ಬರುತ್ತದೆ

ಅಂತೂ ಲೆಕ್ಕ ಕೂಡಿತು. ಹೊಸ ಒಡಂಬಡಿಕೆಯಲ್ಲಿ ‘ಯುಸೆಬೆಯ’ (ಗ್ರೀಕಿನಲ್ಲಿ ಭಕ್ತಿ, ಧರ್ಮನಿಷ್ಠೆ) ಎಂಬ ನಾಮಪದ ಇರುವುದು 15 ಸಲ. ಯಾವ ಪದ ಯಾವ ವಚನದಲ್ಲಿದೆ ಎಂದು ಕೋಡಿನಿಂದ ಹುಡುಕಿ ತೋರಿಸುವ ಗ್ರೀಕ್–ಕನ್ನಡ ಪದಸೂಚಿಯೂ ಈಗ ಅಷ್ಟೇ ಹೇಳುತ್ತಿದೆ. ಇದೇ ಯಂತ್ರ ಮೊದಲು 0 ಎಂದಿತ್ತು, ಆಮೇಲೆ 9, ಆಮೇಲೆ 12. ಪಠ್ಯ ಇಳಿಸಿಕೊಳ್ಳುವುದು, ವಚನವಾರು ಒಡೆಯುವುದು, ಪೈಥಾನ್ ಹೊಂದಿಸುವುದು ಇಲ್ಲಿ ಓದುವವರಿಗೆಲ್ಲ ಗೊತ್ತು. ನೇರ ಕಾಟಕ್ಕೇ ಬರೋಣ.

0 ಬರುವ ಕಾರಣ ಕಣ್ಣಿಗೆ ಕಾಣುವುದಿಲ್ಲ. ಏರುಸ್ವರದ ಗುರುತು ಹೊತ್ತ ಎಪ್ಸಿಲಾನ್‌ಗೆ ಯೂನಿಕೋಡ್‌ನಲ್ಲಿ ಎರಡು ಮನೆ, ಅಂದರೆ ಎರಡು ಸಂಕೇತಸಂಖ್ಯೆ: 03ಎಡಿ ಮತ್ತು 1ಎಫ್73. ಪರದೆಯ ಮೇಲೆ ಎರಡೂ ಒಂದೇ. ಆಧುನಿಕ ಗ್ರೀಕ್ ಕೀಲಿಮಣೆ ಒತ್ತಿದರೆ ಮೊದಲನೆಯದು ಬರುತ್ತದೆ, ಹಳೆಯ ಬೈಬಲ್ ಕಡತಗಳಲ್ಲಿ ಎಷ್ಟೋ ಸಲ ಎರಡನೆಯದು ಕೂತಿರುತ್ತದೆ; ಹಾಗಾಗಿ ಹುಡುಕಿದ್ದು ಒಂದೂ ಹೊಂದುವುದಿಲ್ಲ. ಎನ್‌ಎಫ್‌ಸಿ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ನಾರ್ಮಲೈಸೇಶನ್) ಹಾಯಿಸಿದರೆ ಎರಡೂ 03ಎಡಿ ಆಗುತ್ತವೆ. ಒಂದು ಸಾಲಿನ ಕೆಲಸ.

9 ಬರುವುದು ವ್ಯಾಕರಣದಿಂದ. ಪ್ರಥಮಾ ಏಕವಚನ 2 ಕಡೆ (1 ತಿಮೊಥೆಯ 4:8, 6:6), ದ್ವಿತೀಯಾ 7 ಕಡೆ. ಈ ಒಂಬತ್ತರಲ್ಲೂ ಸ್ವರದ ಗುರುತು ‘ಸೆ’ ಮೇಲೆ. ಉಳಿದ ಆರರಲ್ಲಿ (ಷಷ್ಠಿ 2, ಚತುರ್ಥಿ ಏಕವಚನ 3, ಚತುರ್ಥಿ ಬಹುವಚನ 1) ಕೊನೆಯ ಅಕ್ಷರ ದೀರ್ಘವಾದ್ದರಿಂದ ಗುರುತು ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಗುರುತು ಸಮೇತ ಹುಡುಕಿದರೆ ಆ ಆರೂ ಬಲೆಗೆ ಬೀಳುವುದಿಲ್ಲ. ಹಾಗಾಗಿ ಗುರುತುಗಳನ್ನೆಲ್ಲ ಕಿತ್ತು ಹುಡುಕಬೇಕು. ಎಲ್ಲರೂ ಮಾಡುವುದೂ ಅದನ್ನೇ.

ತಲೆ ತಿಂದದ್ದು 12. ಚತುರ್ಥಿ ಏಕವಚನದಲ್ಲಿ ಕೊನೆಯ ಆಲ್ಫಾದ ಅಡಿಗೆ ಪುಟ್ಟ ಐಯೋಟ ಇರುತ್ತದೆ. ಗುರುತು ಕೀಳುವ ಮೊದಲೇ ಕೇಸ್‌ಫೋಲ್ಡ್ (ದೊಡ್ಡಕ್ಷರ–ಚಿಕ್ಕಕ್ಷರ ಭೇದ ಅಳಿಸುವ ಆಜ್ಞೆ) ಓಡಿಸಿದರೆ ಆ ಅಡಿ-ಐಯೋಟ ಪೂರ್ಣ ಅಕ್ಷರವಾಗಿ ಆಲ್ಫಾದ ಪಕ್ಕ ಬಂದು ನಿಲ್ಲುತ್ತದೆ. ಯೂನಿಕೋಡ್ ನಿಯಮವೇ ಹಾಗೆ, ದೋಷವಲ್ಲ. ಆಗ ಅಪೊಸ್ತಲರ ಕೃತ್ಯಗಳು 3:12, 1 ತಿಮೊಥೆಯ 2:2, 2 ಪೇತ್ರ 1:7 ಈ ಮೂರೂ ಕಡೆ ಹೊಸ ಒಡಂಬಡಿಕೆಯಲ್ಲಿ ಇಲ್ಲದ ಪ್ರಥಮಾ ಬಹುವಚನವೊಂದು ಹುಟ್ಟಿಕೊಳ್ಳುತ್ತದೆ. ಹುಡುಕಬೇಕಾದ ರೂಪಗಳನ್ನು ಬರೆದಿಟ್ಟ ರೂಪಪಟ್ಟಿಗೆ ಅದು ಹೊಂದದೆ ಸದ್ದಿಲ್ಲದೆ ಉದುರುತ್ತದೆ. ಸರಿಯಾದ ಕ್ರಮ: ಮೊದಲು ಎನ್‌ಎಫ್‌ಡಿ, ಅಂದರೆ ಅಕ್ಷರವನ್ನೂ ಗುರುತನ್ನೂ ಬಿಡಿಸಿಡುವ ರೂಪ, ಆಮೇಲೆ ‘ಎಂಎನ್’ ವರ್ಗದ (ಅಕ್ಷರಕ್ಕೆ ಅಂಟಿ ಕೂರುವ) ಚಿಹ್ನೆಗಳನ್ನು ಕೀಳುವುದು (ಅಡಿ-ಐಯೋಟ, ಅಂದರೆ 0345, ಇದೇ ವರ್ಗದ್ದು), ಕೊನೆಗೆ ಕೇಸ್‌ಫೋಲ್ಡ್. ಪದದ ಕೊನೆಯ ಸಿಗ್ಮಾವನ್ನು ಸಾಮಾನ್ಯ ಸಿಗ್ಮಾ ಮಾಡುವುದೂ ಕೇಸ್‌ಫೋಲ್ಡೇ, ಆದ್ದರಿಂದ ಅದನ್ನು ಬಿಡುವಂತೆಯೂ ಇಲ್ಲ. ವಿಶೇಷ ಚಿಹ್ನೆಗಳನ್ನೂ ಸಾಮಾನ್ಯ ಚಿಹ್ನೆಗಳಾಗಿ ಒಡೆಯುವ ಎನ್‌ಎಫ್‌ಕೆಡಿ ಮಾತ್ರ ಬೇಡ. 1 ತಿಮೊಥೆಯ 6:3 ಮತ್ತು ತೀತ 1:1ರಲ್ಲಿ ‘ಕತ್’ ನಂತರ ಬರುವ ಲೋಪಚಿಹ್ನೆ 1ಎಫ್‌ಬಿಡಿ ಆಗಿದ್ದರೆ, ಎನ್‌ಎಫ್‌ಕೆಡಿ ಅದರಿಂದ ಹೆಚ್ಚುವರಿ ಖಾಲಿ ಜಾಗ ಹೊರಡಿಸುತ್ತದೆ. ಒಂದೊಂದೇ ಖಾಲಿ ಜಾಗಕ್ಕೆ ಒಡೆಯುವ ಕೋಡ್‌ನಲ್ಲಿ ಪದಸಂಖ್ಯೆ ಒಂದು ಜಾರುತ್ತದೆ.

ಇನ್ನು ಇದೇ ಕೋಡನ್ನು ಕನ್ನಡ ಕಾಲಂ ಮೇಲೆ ಓಡಿಸಿದರೆ ಮಜಾ ನೋಡಿ. ಗುಡಿಸೂ ವಿರಾಮವೂ ‘ಎಂಎನ್’ ವರ್ಗದವೇ. ‘ಭಕ್ತಿ’ ಹೋಗಿ ‘ಭಕತ’ ಆಗುತ್ತದೆ, ‘ಭಕ್ತ’ನೂ ‘ಭಕತ’ ಆಗುತ್ತಾನೆ. ಅದ್ವೈತ ಇಷ್ಟು ಸುಲಭಕ್ಕೆ ಯಾರಿಗೂ ಸಿದ್ಧಿಸಿರಲಿಕ್ಕಿಲ್ಲ. ‘ದೇವ’ನ ಏತ್ವ ಎನ್‌ಎಫ್‌ಡಿಯಲ್ಲಿ ಎರಡು ತುಂಡಾಗಿ, ಎತ್ವ ಅಳಿದು ದೀರ್ಘದ ಗುರುತು ಮಾತ್ರ ಅನಾಥವಾಗಿ ಉಳಿಯುತ್ತದೆ. ಕೀಳುವ ಕೆಲಸ ನಡೆಯಬೇಕಾದ್ದು ಗ್ರೀಕ್ ಕಾಲಂನಲ್ಲಿ ಮಾತ್ರ.

ಕಡತ ಹಂಚುವವರ ಬಗ್ಗೆ ಎರಡು ಮಾತು. ‘ಯೂನಿಕೋಡ್’ ಎಂದು ದೊಡ್ಡದಾಗಿ ಬರೆಯುತ್ತಾರೆ, ಯಾವ ನಾರ್ಮಲೈಸೇಶನ್ ಎಂದು ಹೇಳುವುದಿಲ್ಲ. ಯಾವ ಪಠ್ಯ ಎಂದೂ ಹೇಳುವುದಿಲ್ಲ. ಅಪೊಸ್ತಲರ ಕೃತ್ಯಗಳು 22:12ರಲ್ಲಿ ಅನನೀಯನಿಗೆ ಟೆಕ್ಸ್ಟಸ್ ರಿಸೆಪ್ಟಸ್ (ಹಳೆಯ ಮುದ್ರಿತ ಗ್ರೀಕ್ ಪಠ್ಯ) ‘ಯುಸೆಬೇಸ್’ ಎಂಬ ವಿಶೇಷಣ ಕೊಟ್ಟರೆ, ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ವಿಮರ್ಶಾತ್ಮಕ ಪಠ್ಯದಲ್ಲಿ ‘ಯುಲಬೇಸ್’ ಇದೆ. ವಿಶೇಷಣದ ಲೆಕ್ಕ ಅಲ್ಲಿ 4, ಇಲ್ಲಿ 3. ಕನ್ನಡ ಕಡತಗಳ ಕಥೆ ಕೇಳಲೇಬೇಡಿ: ಹಳೆಯ ಆಸ್ಕಿ ಫಾಂಟಿನಿಂದ ಪರಿವರ್ತಿಸಿದ್ದರೆ ಅರ್ಕಾವತ್ತು ಯಾರ ತಲೆ ಮೇಲೆ ಕೂರುತ್ತದೋ ಆ ದೇವರೇ ಬಲ್ಲ.

ಇಷ್ಟೆಲ್ಲ ಒದ್ದಾಟ ಯಾಕೆಂದರೆ ಅರ್ಥದ ಕೀಲಿ ಇರುವುದೇ ಉದುರಿದ ರೂಪಗಳಲ್ಲಿ. ಹುಡುಕಾಟ 9ಕ್ಕೇ ನಿಂತರೆ 2 ತಿಮೊಥೆಯ 3:5 ಸಿಗುವುದಿಲ್ಲ. ಯುಸೆಬೆಯದ ಹೊರರೂಪ ಇಟ್ಟುಕೊಂಡು ಅದರ ಬಲವನ್ನು ನಿರಾಕರಿಸುವವರ ಮಾತು ಇರುವುದು ಅಲ್ಲಿ. 2 ಪೇತ್ರ 3:11ರ ಬಹುವಚನವೂ ಸಿಗುವುದಿಲ್ಲ. ಅಲ್ಲಿ ‘ನಡತೆ’ ಎಂಬರ್ಥದ ಅನಸ್ತ್ರೊಫೆ ಕೂಡ ಬಹುವಚನದಲ್ಲಿದ್ದು, ಎರಡೂ ಜೋಡಿಯಾಗಿ ನಿಂತಿವೆ. ಮನಸ್ಸಿನೊಳಗಿನ ಭಾವವಷ್ಟೇ ಆಗಿದ್ದರೆ ಬಹುವಚನ ಯಾಕೆ ಬೇಕಿತ್ತು? ಅದು ದಿನದಿನದ ಕೃತ್ಯಗಳ ಮಾತು.

ಆದ್ದರಿಂದ ಹುಡುಕುವುದಾದರೆ ನಾಮಪದವನ್ನಲ್ಲ, ‘ಯುಸೆಬ್’ ಧಾತುಭಾಗವನ್ನೇ ಹುಡುಕಿ. ವಿಮರ್ಶಾತ್ಮಕ ಪಠ್ಯದಲ್ಲಿ 15 ನಾಮಪದ, 2 ಕ್ರಿಯಾಪದ, 3 ವಿಶೇಷಣ, 2 ಕ್ರಿಯಾವಿಶೇಷಣ, ಒಟ್ಟು 22 ಬರಬೇಕು. ಎರಡು ಕ್ರಿಯಾಪದಗಳಲ್ಲಿ ಒಂದು ಅಥೇನೆಯವರು ಅರಿಯದ ದೇವರನ್ನು ಪೂಜಿಸುವ ಕಡೆ (ಅಪೊಸ್ತಲರ ಕೃತ್ಯಗಳು 17:23). ಇನ್ನೊಂದು 1 ತಿಮೊಥೆಯ 5:4: ವಿಧವೆಯ ಮಕ್ಕಳು, ಮೊಮ್ಮಕ್ಕಳು ಮೊದಲು ತಮ್ಮ ಮನೆಯವರ ವಿಷಯದಲ್ಲಿ ಇದನ್ನು ನಡೆಸಲಿ ಎಂಬ ಮಾತು. ದೇವರಿಗೂ ಹೆತ್ತವಳಿಗೂ ಒಂದೇ ಕ್ರಿಯಾಪದ. ಪದಸೂಚಿಯ ಕಾರ್ಡಿನಲ್ಲಿ ‘ದೈವಭಕ್ತಿ’ ಎಂದಷ್ಟೇ ಬರೆದರೆ ಎರಡನೆಯದಕ್ಕೆ ಜಾಗವೇ ಇರುವುದಿಲ್ಲ. ‘ಯಾರ ಕಡೆಗೆ’ ಎಂಬ ಒಂದು ಖಾನೆ, ‘ನೆರೆಪದಗಳು’ ಎಂಬ ಇನ್ನೊಂದು ಖಾನೆ ಸೇರಿಸಿ. 1 ತಿಮೊಥೆಯ 4:7–8ರಲ್ಲಿ ನೆರೆ ವ್ಯಾಯಾಮ, 6:6ರಲ್ಲಿ ತೃಪ್ತಿ, 2 ಪೇತ್ರ 1:6–7ರಲ್ಲಿ ಒಂದು ಬದಿಗೆ ತಾಳ್ಮೆ, ಇನ್ನೊಂದು ಬದಿಗೆ ಸಹೋದರ ಪ್ರೀತಿ. ಅಂದಹಾಗೆ, ಸಭೆಯ ಇತಿಹಾಸದ ಗ್ರಂಥಗಳನ್ನೂ ಸೇರಿಸುವವರು ಎಚ್ಚರ: ಕೈಸರೈಯದ ಬಿಷಪ್ ಯೂಸೀಬಿಯಸ್ ಇದೇ ಧಾತುವಿನ ಬಲೆಗೆ ಸಲೀಸಾಗಿ ಬೀಳುತ್ತಾರೆ.

ಮುಂದಿನ ಯೋಜನೆ ಆಗಲೇ ಮೇಜಿನ ಮೇಲಿದೆ. 1958ರಲ್ಲಿ ಅಫ್ಘಾನಿಸ್ತಾನದ ಕಂದಹಾರದಲ್ಲಿ ಸಿಕ್ಕ ಅಶೋಕನ ಗ್ರೀಕ್–ಅರಮೇಯಿಕ್ ಶಾಸನದಲ್ಲಿ ‘ಧಮ್ಮ’ಕ್ಕೆ ಇಟ್ಟ ಗ್ರೀಕ್ ಪದ ಯುಸೆಬೆಯವೇ, ಪೌಲ ಪೇತ್ರರಿಗಿಂತ ಸುಮಾರು ಮೂರು ಶತಮಾನ ಮೊದಲು. ನಮ್ಮ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳ ಪ್ರಾಕೃತ ಪಾಠಗಳ ‘ಧಮ್ಮ’ ಒಂದು ಕಾಲಂ, ಕಂದಹಾರದ ಗ್ರೀಕ್ ಇನ್ನೊಂದು, 1 ತಿಮೊಥೆಯ ಮೂರನೆಯದು. ಕಲ್ಲಿನ ಮೇಲೆ ಎಲ್ಲ ದೊಡ್ಡಕ್ಷರ, ಸ್ವರದ ಗುರುತೇ ಇಲ್ಲ. ಕೀಳುವ ಕೆಲಸ ಅಲ್ಲಿ ಬೇಕಾಗದು, ಕೇಸ್‌ಫೋಲ್ಡ್ ಒಂದೇ ಸಾಕು. ಆದರೆ ಜನರನ್ನು ಇನ್ನಷ್ಟು ಧಾರ್ಮಿಕರನ್ನಾಗಿ ಮಾಡಿದ ಎನ್ನುವ ಕಡೆ ಬರುವ ‘ಯುಸೆಬೆಸ್ತೆರೂಸ್’ ಎಂಬ ತರತಮ ರೂಪ ಹೊಸ ಒಡಂಬಡಿಕೆಯಲ್ಲಿ ಎಲ್ಲೂ ಇಲ್ಲ; ರೂಪಪಟ್ಟಿಗೆ ಅದನ್ನು ಕೈಯಾರೆ ಸೇರಿಸಬೇಕು.