ವಖಾರಿಯಲ್ಲಿ ಕಳೆಯದ ಗೀಟು

ಶಿರಸಿಯಲ್ಲಿ ನಮ್ಮ ಭಾವನದೊಂದು ಅಡಿಕೆ ವಖಾರಿ. ಚಾಲಿ, ರಾಶಿ, ಬೆಟ್ಟೆ ಎಂದು ತೂಗಿ ಪಟ್ಟಿ ಮಾಡುವುದಕ್ಕೆ ನಾನೇ ಒಂದು ವೆಬ್ ಪುಟ ಬರೆದುಕೊಟ್ಟಿದ್ದೆ. ತೂಕ ಬಡಿದು ಕೊನೆಗೊಂದು ಗೀಟು (-) ಒತ್ತಿದರೆ ಚೀಲದ ತೂಕ ಕಳೆದು ನಿವ್ವಳ ಬರಬೇಕು. ಮನೆಯ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಎಷ್ಟೋ ಸಲ ಒತ್ತಿ ನೋಡಿದ್ದೆ.

ಮೊದಲ ದಿನವೇ ಭಾವನ ಫೋನ್ ಬಂತು. ಹೋಗಿ ನೋಡಿದರೆ ತಕ್ಕಡಿಯಿಂದ ಬಾಗಿಲವರೆಗೆ ಚೀಲ, ಬೆಂಚಿನ ಮೇಲೆ ಕಾಯುತ್ತ ಕೂತ ಬೆಳೆಗಾರರು. ಪಟ್ಟಿ ಬರೆಯುವವರು ನಮ್ಮೂರಿನ ಹಿರಿಯರೇ. "ಆನು ಒತ್ತಿದ್ದು ಸರೀನೇ ಇದ್ದು ತಮಾ, ಅದೇ ಕಳೀತಿಲ್ಲೆ" ಅಂದರು. ಪರದೆಯ ಮೇಲೆ 62.4- ಎಂದು ಹಾಗೇ ನಿಂತಿತ್ತು.

ಅವರು ಒತ್ತಿದ್ದು ಸರಿಯಾಗಿಯೇ ಇತ್ತು. ನಾನು ಗೀಟನ್ನು ಗುರುತಿಸಿದ್ದು ಒಂದೊಂದು ಕೀಲಿಗೂ ಬ್ರೌಸರ್ ಕೊಡುವ ಕೀಕೋಡ್ ಎಂಬ ಅಂಕಿಯಿಂದ. ಒತ್ತಿದ ಕೀಲಿಗೆ ಬರುವ ಅಂಕಿಯನ್ನು ಹಾಗೇ ತೋರಿಸುವ ಸಣ್ಣ ಪುಟವೊಂದನ್ನು ಅಲ್ಲೇ ಬರೆದು, ಪಟ್ಟಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುರುತು ಹಾಕುತ್ತ ಹೋದೆ. ಮೇಲಿನ ಸಾಲಿನ ಗೀಟಿಗೆ ಕ್ರೋಮ್ 189 ಅಂದಿತು. ಅದೇ ಗೀಟಿಗೆ ವಖಾರಿಯ ಕಂಪ್ಯೂಟರಿನ ಫೈರ್‌ಫಾಕ್ಸ್ 173. ಅವರು ನಿಜಕ್ಕೂ ಒತ್ತುತ್ತಿದ್ದದ್ದು ಬಲಗಡೆ ಅಂಕಿಗಳ ಪಕ್ಕದ ಗೀಟನ್ನು. ಅದಕ್ಕೆ ಎರಡರಲ್ಲೂ 109. ದಿನವಿಡೀ ತೂಕ ಬರೆಯುವವರ ಕೈ ಅಲ್ಲೇ ಇರುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಭಾಗವೇ ಇಲ್ಲ.

ಇಷ್ಟಕ್ಕೆ ಪರಿಹಾರ ಸುಲಭವಿತ್ತು. ಅಂಕಿಯ ಬದಲು ಕೀ ಎಂಬ ಹೆಸರನ್ನು ಕೇಳಿದರೆ ಮೂರೂ ಕಡೆ ಗೀಟು ಗೀಟೆಂದೇ ಬರುತ್ತದೆ. ಅಷ್ಟರಲ್ಲಿ ಭಾವ ತನ್ನ ಆಂಡ್ರಾಯ್ಡ್ ಫೋನನ್ನು ಮುಂದೆ ಹಿಡಿದ. ಅದರಲ್ಲಿ ಗೀಟು ಒತ್ತಿದರೆ 229, ಚುಕ್ಕೆ ಒತ್ತಿದರೆ 229, 'ಹ' ಒತ್ತಿದರೂ 229! ಹೆಸರು ಕೇಳಿದರೆ ಗೊತ್ತಿಲ್ಲವೆಂಬ ಉತ್ತರ. ಫೋನಿನ ಕೀಲಿಮಣೆ ಪದವನ್ನು ತಾನೇ ಕಟ್ಟಿ ಕೊಡುವುದರಿಂದ ಯಾವ ಕೀಲಿ ಎಂಬ ಸುದ್ದಿ ಪುಟಕ್ಕೆ ಮುಟ್ಟುವುದೇ ಇಲ್ಲ. ಅಲ್ಲಿ ಕೀಲಿಯ ಹಿಂದೆ ಬೀಳದೆ, ಇನ್‌ಪುಟ್ ಆದಮೇಲೆ ಪೆಟ್ಟಿಗೆಯಲ್ಲಿ ಏನು ಬಿದ್ದಿದೆ ಎಂದು ಓದಬೇಕು. ಹಾಗೇ ಬರೆದೆ. ಭಾವ ೫೮.೨ ಎಂದು ಕನ್ನಡ ಅಂಕಿಯಲ್ಲೇ ಬಡಿದಾಗ ಮತ್ತೆ ಲೆಕ್ಕ ನಿಂತಿತು. ೦ಯಿಂದ ೯ರವರೆಗಿನದನ್ನು ಬದಲಿಸಿಕೊಳ್ಳುವ ಒಂದು ಸಾಲು ಸೇರಿಸಿದೆ. ಕನ್ನಡದಲ್ಲಿ ಅಂಕಿ ಬರೆಯುವವರಿಗೆ ಅದು ನಡೆಯಲೇಬೇಕು.

ಮಧ್ಯಾಹ್ನದ ಹೊತ್ತಿಗೆ ತೂಕ ಮತ್ತೆ ಶುರುವಾಯಿತು.

ರಾತ್ರಿ ಮನೆಯಲ್ಲಿ ಕೂತು ಕೀಕೋಡ್ ಎಂದು ಹುಡುಕಿ ಒಂದೊಂದಾಗಿ ತೆಗೆದೆ. ಬೆಳೆಗಾರರ ಹೆಸರು ಬರೆಯುವ ಜಾಗದಲ್ಲಿ ಮಾತ್ರ ಉಳಿಸಿಕೊಂಡೆ. ಇಂಗ್ಲಿಷ್ ಅಕ್ಷರ ಬಡಿದು, ಕೀಲಿಮಣೆ ತೋರಿಸುವ ಪದಗಳ ಪಟ್ಟಿಯಿಂದ 'ಹೆಗಡೆ' ಆರಿಸಲು ಎಂಟರ್ ಒತ್ತಿದರೆ, ಹೆಸರು ಕೂರಬೇಕೇ ಹೊರತು ಸಾಲು ಮುಂದೆ ಹೋಗಬಾರದು. ಪದ ಇನ್ನೂ ಕಟ್ಟುತ್ತಿದೆಯೇ ಎಂದು ಬ್ರೌಸರಿನ ಇಸ್‌ಕಂಪೋಸಿಂಗ್ ಎಂಬ ಗುರುತು ಹೇಳುತ್ತದೆ. ಆದರೆ ಸಫಾರಿಯಲ್ಲಿ ಪದ ಮುಗಿದ ಸುದ್ದಿ ಮೊದಲು, ಎಂಟರಿನ ಸುದ್ದಿ ಆಮೇಲೆ; ಎಂಟರ್ ಬರುವಾಗ ಆ ಗುರುತು ಇಲ್ಲವೆನ್ನುತ್ತದೆ. ಅಲ್ಲಿ ಸುಳಿವು ಕೊಡುವುದು ಆ 229 ಒಂದೇ. ಯಾಕೆ ಇಟ್ಟಿದ್ದೇನೆಂದು ಪಕ್ಕದಲ್ಲಿ ಎರಡು ಸಾಲು ಕನ್ನಡದಲ್ಲಿ ಬರೆದಿಟ್ಟೆ.