ಗ್ರೂಪ್ ವರ್ಕ್ ಕೊಡುವಾಗ ಕಾಗದ ಹಂಚಿ ಕೊಡಿ

ದಾವಣಗೆರೆಯಲ್ಲಿ ಬಿ.ಕಾಂ. ಮಕ್ಕಳಿಗೆ ಅಕೌಂಟ್ಸ್ ಹೇಳಿಕೊಡುವುದು ನನ್ನ ಕೆಲಸ. ಗ್ರೂಪ್ ವರ್ಕ್ ಅಂದರೆ ಏನಾಗುತ್ತೆ ಅಂತ ಎಲ್ಲ ಮೇಷ್ಟ್ರಿಗೂ ಗೊತ್ತು. ಜಾಣೆ ಒಬ್ಬಳು ಲೆಕ್ಕ ಮಾಡುತ್ತಾಳೆ, ಉಳಿದವರು ನೀಟಾಗಿ ಕಾಪಿ ಹೊಡೆಯುತ್ತಾರೆ. ಎಲ್ಲರ ಕೈಗೂ ಒಂದೇ ಕಾಗದ ಕೊಟ್ಟರೆ ಒಬ್ಬರಿಗೊಬ್ಬರು ಬೇಕಾಗುವುದೇ ಇಲ್ಲ, ಅಲ್ವಾ?

ಅದಕ್ಕೆ ನಾನು ಕಾಗದಗಳನ್ನು ಹಂಚಿಬಿಡುತ್ತೇನೆ. ಬ್ಯಾಂಕ್ ರೀಕನ್ಸಿಲಿಯೇಶನ್, ಅಂದರೆ ಅಂಗಡಿಯ ಕ್ಯಾಶ್ ಬುಕ್ಕನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ತಾಳೆ ನೋಡುವ ಪಾಠವನ್ನೇ ತಗೊಳ್ಳಿ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿ ಅಂತ ಒಂದು ಲೆಕ್ಕ ಕಟ್ಟಿರುತ್ತೇನೆ. ಒಬ್ಬರಿಗೆ ಕ್ಯಾಶ್ ಬುಕ್, ಇನ್ನೊಬ್ಬರಿಗೆ ಪಾಸ್‌ಬುಕ್, ಮತ್ತೊಬ್ಬರಿಗೆ ಚೆಕ್ಕಿನ ಕೌಂಟರ್‌ಫಾಯಿಲ್. ನಾಲ್ಕನೆಯವರು ಸಾಹುಕಾರರು, ಯಾವ ರೈತರಿಗೆ ಯಾವಾಗ ಚೆಕ್ ಕೊಟ್ಟೆ ಅನ್ನೋ ನೆನಪು ಅವರ ಪಾಲಿಗೆ. ಯಾರೂ ತಮ್ಮ ಕಾಗದ ತೋರಿಸುವಂತಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳಬೇಕು, ಅಷ್ಟೇ. ಉಪಾಯ ನನ್ನದಲ್ಲ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಎಲಿಯಟ್ ಅರಾನ್ಸನ್ ಶುರು ಮಾಡಿದ ಜಿಗ್ಸಾ ಪದ್ಧತಿಯನ್ನೇ ನಮ್ಮ ಲೆಕ್ಕಕ್ಕೆ ಹೊಂದಿಸಿಕೊಂಡಿದ್ದೇನೆ.

ಒಂದು ಗುಂಪಿನಲ್ಲಿ ಬ್ಯಾಂಕಿಗೆ ಇನ್ನೂ ಹಾಜರಾಗದ ಚೆಕ್, ಬ್ಯಾಂಕ್ ಚಾರ್ಜು ಎಲ್ಲ ಹೊಂದಿಸಿದ ಮೇಲೂ 900 ರೂಪಾಯಿ ತಾಳೆ ಬೀಳಲಿಲ್ಲ. ಇನ್ನೂ ಏನೋ ಚಾರ್ಜು ಹಾಕಿರಬೇಕು ಬಿಡ್ರೋ ಅಂತ ಒಬ್ಬ ಗೆರೆ ಎಳೆಯೋಕೆ ಹೊರಟಿದ್ದ. ಪಾಸ್‌ಬುಕ್ ಹಿಡಿದ ಹುಡುಗಿ, ಕ್ಲಾಸಲ್ಲಿ ಬಾಯೇ ಬಿಡದವಳು, "ತಡಿ, 900 ಒಂಬತ್ತರಿಂದ ಭಾಗ ಹೋಗುತ್ತೆ. ಅಂಕಿ ಅದಲುಬದಲಾಗಿರಬೇಕು, ಒಂದೊಂದೇ ಚೆಕ್ ಓದು" ಅಂದಳು. ಕೌಂಟರ್‌ಫಾಯಿಲ್‌ನಲ್ಲೂ ಪಾಸ್‌ಬುಕ್‌ನಲ್ಲೂ 4,500, ಕ್ಯಾಶ್ ಬುಕ್‌ನಲ್ಲಿ ಮಾತ್ರ 5,400. ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗ ಹೋಗುತ್ತೆ. ಹಾಗಂತ ಭಾಗ ಹೋದ ಮಾತ್ರಕ್ಕೆ ತಪ್ಪು ಅದೇ ಅಂತ ಹೇಳೋಕಾಗಲ್ಲ, ಎಲ್ಲಿಂದ ಹುಡುಕಬೇಕು ಅನ್ನೋದು ಗೊತ್ತಾಗುತ್ತೆ. ನಾಳೆ ಆಡಿಟ್‌ಗೆ ಹೋದಾಗ ಪಾರ್ಟಿಯವರು ತಾವಾಗಿ ಏನೂ ಹೇಳಲ್ಲ, ಸರಿಯಾಗಿ ಕೇಳಿದವರಿಗೇ ಉತ್ತರ. ಆ ಕೇಳುವ ರೂಢಿ ಬೋರ್ಡ್ ಮೇಲೆ ಬರೆದು ಬರುವಂಥದ್ದಲ್ಲ.

ಯಾರನ್ನು ಏನು ಕೇಳಿದೆವು, ಏನು ಉತ್ತರ ಬಂತು ಅನ್ನೋದನ್ನೂ ಬರೆದಿಡಿಸುತ್ತೇನೆ. ಮಕ್ಕಳಿಗೆ ಇದು ಬೋರು. ಆದರೆ ಆಡಿಟ್ ದಾಖಲೆ ಹೇಗಿಡಬೇಕು ಅಂತ ಆಡಿಟರ್‌ಗಳಿಗೆ ಹೇಳುವ ಮಾನದಂಡ ಎಸ್‌ಎ 230 ಕೇಳುವುದೂ ಇಂಥ ದಾಖಲೆಯನ್ನೇ.

ಕೊನೆಗೆ ಗುಂಪಿನಲ್ಲಿ ಯಾರಾದರೂ ಒಬ್ಬರನ್ನು ಎಬ್ಬಿಸಿ ವಿವರಿಸು ಅನ್ನುತ್ತೇನೆ, ಅವರ ಮಾರ್ಕ್ಸೇ ಎಲ್ಲರಿಗೂ. ಜಾಣರಿಗೆ ಸಿಟ್ಟು ಬರುತ್ತೆ. ಅವರ ಸಿಟ್ಟಿನಲ್ಲಿ ನ್ಯಾಯ ಇದೆ, ಹಾಗಾಗಿ ಇದನ್ನು ಇಂಟರ್ನಲ್ಸ್‌ನಲ್ಲಿ ಒಂದೆರಡು ಮಾರ್ಕ್ಸ್‌ಗಿಂತ ಜಾಸ್ತಿ ಇಡಲ್ಲ.

ಜರ್ನಲ್ ಎಂಟ್ರಿಗೆ ಮಾತ್ರ ಗುಂಪು ಬೇಡ. ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಅನ್ನೋದು ಒಬ್ಬೊಬ್ಬರೇ ಕೂತು ಬರೆದೇ ಕೈಗೆ ಹತ್ತಬೇಕು. ಅದು ಬರದವರನ್ನು ಗುಂಪಿಗೆ ಹಾಕಿದರೆ ಸುಮ್ನೆ ಹರಟೆ.